ಬೆಂಕಿಗೂಡಿನಲ್ಲಿದ್ದ ಹರವಿ

ಶಹಾಪುರ ರಸ್ತೆಯ ಹಳೆಯ ಪಾದ್ರಿ ಬಂಗಲೆಯನ್ನು ದುರಸ್ತಿ ಮಾಡುತ್ತಿದ್ದಾರೆ. ಗೋಡೆಗೆ ಹಾಕುವ ಫಲಕಕ್ಕೆ ನಾಲ್ಕು ಸಾಲು ಬರೆದುಕೊಡಿ ಎಂದು ದುರಸ್ತಿ ಸಮಿತಿಯವರು ನನ್ನನ್ನು ಕರೆದಿದ್ದರು. ನಾನು ಅಲ್ಲಿ ಕಲಿತವಳು. ಅಕ್ಕ ಮತ್ತು ನಾನು ದೋರನಹಳ್ಳಿಯಿಂದ ಬಂದು ಆಗಿನ ಪಾದ್ರಿಯವರ ಹೆಂಡತಿಯ ಹತ್ತಿರ ಗಣಿತ ಹೇಳಿಸಿಕೊಳ್ಳುತ್ತಿದ್ದೆವು.

ಏನು ಬರೆಯಲಿ? ಕಿಟಕಿಗಳು ಹಸಿರಾಗಿದ್ದವು ಎಂದು ನನ್ನ ನೆನಪು. ಅಕ್ಕ ನೀಲಿ ಎನ್ನುತ್ತಾಳೆ. ಇಬ್ಬರದೂ ಸುಳ್ಳಿರಬಹುದು. ಕಟ್ಟಡವಂತೂ ಕಣ್ಣೆದುರೇ ಇದೆ. ಸುತ್ತಲಿನ ಮನೆಗಳೆಲ್ಲ ಸಪಾಟು ಮಣ್ಣಿನ ಮಾಳಿಗೆಯವು. ಇದೊಂದಕ್ಕೆ, ಇಲ್ಲಿ ಎಂದೂ ಬೀಳದ ಹಿಮ ಜಾರಿಹೋಗಲೆಂದು, ಕಡಿದಾದ ಹೆಂಚಿನ ಚಾವಣಿ. ಚರ್ಚಿನಲ್ಲಿರುವಂಥ ಚೂಪು ಕಮಾನಿನ ಕಿಟಕಿಗಳು. ನಡುಕೋಣೆಯಲ್ಲಿ ಚಳಿ ಕಾಯಿಸಿಕೊಳ್ಳಲು ಹೊಗೆಗೊಳವೆ ಸಮೇತ ಬೆಂಕಿಗೂಡು, ಯಾದಗಿರಿ ಸೀಮೆಯಲ್ಲಿ! ತನ್ನೂರಿನ ಮನೆಯನ್ನೇ ಇಲ್ಲಿ ಕಟ್ಟಿಸಿದ ಆ ಇಂಗ್ಲಿಷ್ ಪಾದ್ರಿ ಇಲ್ಲಿಯ ಬಿಸಿಲಿನ ಬಗ್ಗೆ ಯಾರನ್ನೂ ಕೇಳಿರಲಿಕ್ಕಿಲ್ಲ.

ಆ ತಪ್ಪನ್ನು ತಿದ್ದಿದವರು ಇಲ್ಲಿಯ ಜನ. ಕೊಳವೆಯಿಂದ ಗಾಳಿ ಸುಳಿಯುವುದನ್ನು ಕಂಡು, ಬೆಂಕಿಗೂಡಿನಲ್ಲಿ ಮರಳು ಹಾಸಿ, ಒದ್ದೆ ಬಟ್ಟೆ ಸುತ್ತಿದ ದೊಡ್ಡ ಮಣ್ಣಿನ ಹರವಿ ಇಟ್ಟರು. ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು. ಅದಕ್ಕಿಂತ ದೊಡ್ಡ ಮಾತೆಂದರೆ, ನಮ್ಮ ಕೇರಿಯ ಮಕ್ಕಳೂ ತಾವೇ ಚರಿಗೆ ಅದ್ದಿ ಕುಡಿಯಬಹುದಿತ್ತು. ಹೋಟೆಲಿನಲ್ಲಿ ನಮ್ಮ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು. ಈ ವಿಷಯದಲ್ಲಿ ಅಕ್ಕನಿಗೂ ನನಗೂ ಜಗಳವಿಲ್ಲ.

ಮೊನ್ನೆ ಹೋದಾಗ ಸಮಿತಿಯ ಅಧ್ಯಕ್ಷರು ಆ ಹರವಿಯನ್ನು ಹೊರಗೆ ಎತ್ತಿಸುತ್ತಿದ್ದರು.

“ಇದು ಒರಿಜಿನಲ್ ಅಲ್ರಿ, ಮೇಡಮ್. ನಾಳೆ ಜನ ನೋಡಾಕ ಬರ್ತಾರ. ಇಲ್ಲಿ ಕಟ್ಟಿಗಿ ಜೋಡಿಸಿ ಒಳಗ ಕೆಂಪು ಬಲ್ಬ್ ಹಚ್ತೀವಿ. ಖರೇನ ಬೆಂಕಿ ಉರಿಯಾಕತ್ತಂಗ ಕಾಣ್ತದ.”

ಈಗಿನ ಪಾದ್ರಿಯವರ ಹೆಂಡತಿ ಸೆರಗಿನಿಂದ ಬೆವರು ಒರೆಸಿಕೊಂಡರು. “ಈ ಬಿಸಲಾಗ ಬೆಂಕಿ ಕಾಸಾಕ ಯಾರ್ ಬರ್ತಾರ್ರಿ, ಅಣ್ಣಾರ? ನಿಮ್ಮ ಬೀಗರೇನು?”

ಗೋಡೆ ಕೆಲಸದ ಗೌಂಡಿಗಳು ನಕ್ಕರು. ಅಧ್ಯಕ್ಷರು ನಗಲಿಲ್ಲ.

“ಹರವಿ ಅಲ್ಲೇ ಇರ್ಲಿರಿ,” ಎಂದೆ. “ನಾವು ಇದರಾಗೇ ನೀರು ಕುಡದು ಬೆಳದೀವಿ.”

“ಹೊರಗ ಫಿಲ್ಟರ್ ಕುಂದರಸ್ತೀವಲ್ರಿ. ಹಳೇದೆಲ್ಲ ಯಾಕ ಕೆದರ್ತೀರಿ?”

ಹಳೆಯದನ್ನು ಉಳಿಸಲೆಂದೇ ಸಮಿತಿ ಕಟ್ಟಿಕೊಂಡವರ ಮಾತಿದು! ಬಲ್ಬಿನ ಬೆಂಕಿ ಇವರಿಗೆ ಇತಿಹಾಸ. ನಾವು ಕುಡಿದ ನೀರು ಹೊರಗೆ ಸಾಗಿಸಬೇಕಾದ ಸಾಮಾನು. ಅಲ್ಲೇ ನಿಂತು ಒಂದು ಹಾಳೆಯ ಮೇಲೆ ಬರೆದುಕೊಟ್ಟೆ: ಈ ಬೆಂಕಿಗೂಡಿನಲ್ಲಿ ನೀರಿತ್ತು. ಯಾವ ಕೇರಿಯವರಾದರೂ ತಾವೇ ಮೊಗೆದುಕೊಂಡು ಕುಡಿಯುತ್ತಿದ್ದರು.

ಅಧ್ಯಕ್ಷರು ಓದಿ ಹಾಳೆಯನ್ನು ವಾಪಸ್ ಚಾಚಿದರು. “ನೀರಿಂದು ಬ್ಯಾಡ್ರಿ. ಕಟ್ಟಡದ ಬಗ್ಗೆ ಬರೀರಿ.”

ಕಟ್ಟಡದ ಬಗ್ಗೆಯೇ ಬರೆದಿದ್ದೆ. ಹಾಳೆಯನ್ನು ಅವರ ಕೈಯಲ್ಲೇ ಬಿಟ್ಟು, ಬೇರೆ ಸಾಲು ನನ್ನ ಹತ್ತಿರ ಇಲ್ಲ ಎಂದು ಹೇಳಿ ಹೊರಟೆ.