ಅತ್ತೆ ಕುದುರೆಗಾಡಿ ಹತ್ತಲಿಲ್ಲ

ಕಾರು ಕಂಪನಿಗಳೆಲ್ಲ ಮಕಾಡೆ ಮಲಗಿದ್ದ ಆ ಬೇಸಿಗೆಯಲ್ಲಿ ನಾವು ಮ್ಯಾಕಿನಾ ದ್ವೀಪಕ್ಕೆ ಹೋದದ್ದು ಖುಷಿಗಲ್ಲ, ಅತ್ತೆಗೆ ಅನುಮಾನ ಬರಬಾರದೆಂದು. ಅವರು ಮೈಸೂರಿನಿಂದ ಬರುವ ಮೊದಲೇ ಹೋಟೆಲು ಬುಕ್ ಆಗಿತ್ತು. ಬಂದ ಎರಡನೇ ವಾರಕ್ಕೆ ಪ್ಲಿಮತ್‌ನ ಕಾರು ಕಂಪನಿ ಆಫೀಸಿನಲ್ಲಿ ನನ್ನ ಗಂಡನ ಕೆಲಸ ಹೋಯಿತು. ಟ್ರಿಪ್ ಕ್ಯಾನ್ಸಲ್ ಮಾಡಿದರೆ ಕಾರಣ ಹೇಳಬೇಕು. "ಅಮ್ಮ ವಾಪಸ್ ಹೋಗೋವರೆಗೂ ಗೊತ್ತಾಗೋದು ಬೇಡ" ಅಂದಿದ್ದರು ಇವರು.

ಹೀಗೆ ಮೂರು ವಾರದಿಂದ ನಮ್ಮ ನಾರ್ತ್‌ವಿಲ್ ಮನೆಯಲ್ಲಿ ನಾಟಕ ನಡೆದಿತ್ತು. ಇವರು ದಿನಾ ಇಸ್ತ್ರಿ ಶರ್ಟು ಹಾಕಿ, ಅತ್ತೆ ಕಟ್ಟಿಕೊಟ್ಟ ಡಬ್ಬಿ ಹಿಡಿದು ಎಂಟಕ್ಕೆ ಸರಿಯಾಗಿ ಹೊರಡುವುದು, ಲೈಬ್ರರಿಯಲ್ಲಿ ಕೂತು ಕಂಡಕಂಡಲ್ಲಿ ಅಪ್ಲೈ ಮಾಡುವುದು, ಪಾರ್ಕಿನಲ್ಲಿ ಒಬ್ಬರೇ ಊಟ ಮಾಡಿ ಸಂಜೆ ಬರುವುದು. ಆ ಶರ್ಟುಗಳಿಗೆ ಇಸ್ತ್ರಿ ಹಾಕುತ್ತಿದ್ದವಳು ನಾನೇ.

ದ್ವೀಪದಲ್ಲಿ ಕಾರುಗಳಿಲ್ಲ. ಫೆರ್ರಿ ಇಳಿದೊಡನೆ ಕುದುರೆ ಲದ್ದಿಯ ವಾಸನೆ, ಅದರ ಜೊತೆಗೇ ಫಡ್ಜ್ ಅಂಗಡಿಗಳ ಬೆಣ್ಣೆ ಸಕ್ಕರೆಯ ಘಮ. ಏಳು ವರ್ಷದ ಮಗಳು ಕುದುರೆಗಾಡಿ ನೋಡಿ ಕುಣಿದಳು. ಅತ್ತೆಗೆ ಮಾತ್ರ ಎಲ್ಲವೂ ಬೇಡ. ಫಡ್ಜ್ ಅಂದರೆ, "ಇದಕ್ಕಿಂತ ನಾನು ಮಾಡೋ ಬರ್ಫಿ ವಾಸಿ." ಗುಡ್ಡದ ಮೇಲಿನ ಕೋಟೆ ಅಂದರೆ, "ಹೊರಗಿಂದಾನೇ ಚೆನ್ನಾಗಿ ಕಾಣತ್ತಲ್ಲ." ಕುದುರೆಗಾಡಿಗಂತೂ, "ನಾನು ಸ್ಕೂಲಿಗೆ ಹೋಗಿದ್ದೇ ಟಾಂಗಾದಲ್ಲಿ. ನೀವು ಅಪ್ಪ ಮಗಳು ಹೋಗ್ಬನ್ನಿ" ಅಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದೇವೆ, ಈಯಮ್ಮನ ಬಿಗುಮಾನ ನೋಡಿ! ಮಂಡಿನೋವು ಇಟ್ಟುಕೊಂಡು ಬೆಳಗಿನಿಂದ ಬರೀ ನಡೆದಿದ್ದರು. ಗಾಡಿ ಹೊರಟಮೇಲೆ ಇಬ್ಬರೂ ನೀರಿನಂಚಿನ ಬೆಂಚಿನಲ್ಲಿ ಕೂತೆವು. ನಾನು ಕೇಳಿಯೇಬಿಟ್ಟೆ: "ಹತ್ತಿದ್ರೆ ಏನಾಗ್ತಿತ್ತು? ನಿಮ್ಮ ಮಗನ ಮುಖ ಎಷ್ಟು ಸಣ್ಣಗಾಯ್ತು ನೋಡಿದ್ರಾ?"

ಅತ್ತೆ ಮಂಡಿ ಒತ್ತಿಕೊಳ್ಳುತ್ತ, "ಕೆಲಸ ಕಳ್ಕೊಂಡಿರೋನ ಕೈಲಿ ಟಿಕೆಟ್ ತೆಗೆಸ್ಕೊಂಡು ನಾನು ಹ್ಯಾಗಮ್ಮ ಹತ್ತಲಿ?" ಅಂದರು.

"ನಿಮಗೆ ಹ್ಯಾಗೆ ಗೊತ್ತಾಯ್ತು?" ಅಂದೆ.

"ಮೂರು ಶುಕ್ರವಾರ ಆಯ್ತು. ದೇವರ ಮುಂದೆ ಕಾರಿನ ಕೀ ಒಂದೇ ಇದೆ. ಬ್ಯಾಡ್ಜ್ ಎಲ್ಲಿ?"

ಶುಕ್ರವಾರದ ಪೂಜೆಗೆ ಮಗನ ಕಾರಿನ ಕೀಯನ್ನೂ ಆಫೀಸಿನ ಬ್ಯಾಡ್ಜನ್ನೂ ದೇವರ ಮುಂದಿಟ್ಟು ಕುಂಕುಮ ಹಚ್ಚುವುದು ಅತ್ತೆಯ ರೂಢಿ. ಬಂದ ಮೊದಲ ಶುಕ್ರವಾರ ಎರಡೂ ಇದ್ದವು. ಕೆಲಸ ತೆಗೆದ ದಿನ ಆಫೀಸಿನವರು ಬ್ಯಾಡ್ಜು ಇಸಿದುಕೊಂಡಿದ್ದರು. ಶರ್ಟು, ಡಬ್ಬಿ, ಎಂಟು ಗಂಟೆ ಎಲ್ಲ ನೆನಪಿಟ್ಟ ನಾವು ಅದೊಂದನ್ನು ಮರೆತಿದ್ದೆವು.

"ಮತ್ತೆ ಯಾಕೆ ಕೇಳ್ಲಿಲ್ಲ?"

"ಅವನು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿರೋವಾಗ, ತಾಯಿಯಾಗಿ ಬಿಚ್ಚಿ ನೋಡ್ಲಾ?"

ಆಗ ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಲೈಬ್ರರಿ, ಪಾರ್ಕು ಎಲ್ಲ ಹೇಳಿಬಿಟ್ಟೆ. ಪಾರ್ಕಿನ ಊಟದ ವಿಷಯಕ್ಕೆ ಬಂದಾಗ ಅತ್ತೆಯ ಕಣ್ಣು ತುಂಬಿತು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನಾಗಿ ಅವರ ಕೈ ಹಿಡಿದುಕೊಂಡೆ. ಗಾಡಿ ವಾಪಸು ಬಂದಾಗ ಮಗಳು, "ಅಜ್ಜಿ, ದ ಹಾರ್ಸ್ ಪೂಪ್ಡ್!" ಎಂದು ಕೂಗಿದಳು. ಅತ್ತೆ ಕಣ್ಣೊರೆಸಿಕೊಂಡು ನಕ್ಕರು. ಮಗನಿಗೆ ಏನೂ ಹೇಳಲಿಲ್ಲ.

ಸೋಮವಾರ ಎಂಟಕ್ಕೆ ಇವರು ಬ್ಯಾಗು ಹೆಗಲಿಗೇರಿಸಿ ಅಡುಗೆಮನೆಗೆ ಬಂದರೆ ಡಬ್ಬಿ ಇರಲಿಲ್ಲ. ಟೇಬಲ್ಲಿನ ಮೇಲೆ ತಟ್ಟೆ ಹಾಕಿತ್ತು, ಹೆಂಚಿನ ಮೇಲೆ ಅಕ್ಕಿರೊಟ್ಟಿ ಬೇಯುತ್ತಿತ್ತು.

"ಅಮ್ಮಾ, ಡಬ್ಬಿ?"

"ಇನ್ಮೇಲೆ ಕಟ್ಟಲ್ಲ. ಒಬ್ನೇ ಕೂತು ತಣ್ಣಗಿರೋದು ತಿಂದಿದ್ದು ಸಾಕು."

ಇವರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಬ್ಯಾಗು ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದು ಕೂತರು. ಅತ್ತೆ ನೋಡಿಯೂ ನೋಡದವರ ಹಾಗೆ ರೊಟ್ಟಿಗೆ ಬೆಣ್ಣೆ ಹಾಕಿ, "ಮೊದ್ಲು ಆ ಶರ್ಟ್ ಬಿಚ್ಚಿಟ್ಟು ಬಾ, ಕಲೆ ಆಗತ್ತೆ. ಇಂಟರ್‌ವ್ಯೂಗೆ ಬೇಕು" ಅಂದರು.