ಅರವತ್ತು ದಾಟಿದ ಮೇಲಿನ ಸಿಳ್ಳು

ಗಂಟೆಗೆ ಅರವತ್ತು ಕಿಲೋಮೀಟರ್ ದಾಟಿದೊಡನೆ ನನ್ನ ಕಾರು ಸಿಳ್ಳು ಹಾಕತೊಡಗಿತು. ಅರವತ್ತು ದಾಟಿದ ಮೇಲೆ ಶರೀರದ ಸಂದುಗೊಂದುಗಳಿಂದ ಅಕಾರಣವಾಗಿ ನಾನಾ ಸದ್ದುಗಳು ಹೊರಡುತ್ತವೆಂಬುದು ನನಗೆ ಸ್ವಾನುಭವದಿಂದಲೇ ತಿಳಿದ ವಿಷಯವಾದ್ದರಿಂದ ಮೊದಮೊದಲು ಅದನ್ನು ಒಬ್ಬ ಸಮವಯಸ್ಕನ ಗೊಣಗಾಟವೆಂದು ಸಹಾನುಭೂತಿಯಿಂದ ಕೇಳಿಸಿಕೊಂಡೆ. ಐವತ್ತೆಂಟರಲ್ಲಿ ಪೂರ್ಣ ಮೌನ. ಅರವತ್ತೆರಡರಲ್ಲಿ, ಎಡಬಾಗಿಲಿನ ಕಡೆಯಿಂದ, ಮುಂದಿನ ಹಲ್ಲು ಕಳೆದುಕೊಂಡ ಮನುಷ್ಯನೊಬ್ಬ ‘ಸ’ಕಾರವನ್ನು ಉಚ್ಚರಿಸಲು ಆರಂಭಿಸಿ ಮುಗಿಸುವುದನ್ನೇ ಮರೆತಂತಹ ಒಂದು ಅವಿಚ್ಛಿನ್ನ ಧ್ವನಿ. ನೀವೂ ಕಾರಿಟ್ಟವರಾದರೆ ಬಲ್ಲಿರಿ: ಎಂಜಿನ್ ಕೆಟ್ಟರೆ ಮನುಷ್ಯ ಗಾಡಿ ನಿಲ್ಲಿಸಿ ನೆಮ್ಮದಿಯಾಗಿ ಬಯ್ಯಬಹುದು, ಇಂಥ ಸದ್ದಿನೊಡನೆ ಗಾಡಿ ಓಡುತ್ತಲೇ ಇರುತ್ತದೆ, ನೆಮ್ಮದಿ ಮಾತ್ರ ಇಳಿದು ಹೋಗಿರುತ್ತದೆ.

ಮೈಸೂರಿನ ಒಳಗೆ ಈ ವೇಗ ಮುಟ್ಟುವ ಭಾಗ್ಯ ಯಾರಿಗೂ ಇಲ್ಲವಾದ್ದರಿಂದ ಆ ಸಿಳ್ಳು ಸೋಮವಾರಕ್ಕೆ ಮೀಸಲಾಗಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ನಾನು ಮತ್ತು ಮಹದೇವಪ್ಪ ನಂಜನಗೂಡಿಗೆ ಹೋಗುತ್ತಿದ್ದೆವು. ವಿದ್ಯಾರಣ್ಯಪುರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವ ಮಹದೇವಪ್ಪ ನನ್ನ ಹೈಸ್ಕೂಲಿನ ಸಹಪಾಠಿ. ನೀರಾವರಿ ಇಲಾಖೆಯಿಂದ ನಿವೃತ್ತನಾದವನು. ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಧರಿಸಿ ಗೇಟಿನ ಬಳಿ ನಿಂತನೆಂದರೆ ಗಡಿಯಾರ ನೋಡಬೇಕಾಗಿರಲಿಲ್ಲ. ಅವನು ಹೋಗುತ್ತಿದ್ದುದು ಶ್ರೀಕಂಠೇಶ್ವರನ ದರ್ಶನಕ್ಕೆ. ನಾನು ಹೋಗುತ್ತಿದ್ದುದು ದರ್ಶನಾನಂತರದ ಇಡ್ಲಿಗೆ, ಮತ್ತು, ಈಗ ಹೇಳಬೇಕಾಗಿ ಬಂದಿದೆ, ಅವನ ಜೊತೆಗೆ. ಹನ್ನೊಂದು ವರ್ಷ ಎಡಗಡೆಯ ಮುಂದಿನ ಸೀಟಿನಲ್ಲಿ ಕೂತು ಅವನು ನನ್ನ ಚಾಲನೆಯನ್ನೂ ನಾಸ್ತಿಕ್ಯವನ್ನೂ ಸಮಾನ ಔದಾರ್ಯದಿಂದ ಸಹಿಸಿದ.

ಅವನಲ್ಲಿದ್ದ ದೋಷ ಒಂದೇ. ಕಾರಿನ ಬಾಗಿಲನ್ನು ಅವನು ಮುಚ್ಚುತ್ತಿರಲಿಲ್ಲ, ಧಡಾರನೆ ಬಡಿಯುತ್ತಿದ್ದ. ಇಲಾಖೆಯ ಜೀಪಿನಲ್ಲಿ ಮೂವತ್ತು ವರ್ಷ ನಾಲೆ ಸುತ್ತಿದವನು. ಆ ಜೀಪಿನ ಬಾಗಿಲು ಬಡಿಯದೆ ಕೂರುತ್ತಿರಲಿಲ್ಲವಂತೆ. ನಿವೃತ್ತಿಯ ದಿನ ಜೀಪನ್ನು ಹಿಂದಿರುಗಿಸಿದ, ಬಡಿಯುವ ಕೈಯನ್ನು ಮನೆಗೆ ತಂದ.

ಸಿಳ್ಳಿನ ಮೂಲಾನ್ವೇಷಣೆಗೆ ನಾನು ಮೊದಲು ಹೋದದ್ದು ದೊಡ್ಡ ಗಾಜಿನ ಸರ್ವಿಸ್ ಸೆಂಟರೊಂದಕ್ಕೆ. ಅಲ್ಲಿ ಕಾಫಿ ಕೊಟ್ಟು, ಕಾರು ತೊಳೆದು, ‘ಇದು ನಾರ್ಮಲ್ ಸಾರ್’ ಎಂಬ ಅಭಯವಿತ್ತು ಕಳಿಸಿದರು. ಮನೆಯಲ್ಲಿ ನನ್ನ ಹೆಂಡತಿ ಸಮಸ್ಯೆಯನ್ನು ಅರೆಕ್ಷಣದಲ್ಲಿ ಬಗೆಹರಿಸಿದಳು: “ಕಿಟಕಿ ಪೂರ್ತಿ ಇಳಿಸ್ಕೊಂಡು ಓಡ್ಸಿ. ಸಿಳ್ಳು ಎಲ್ಲಿ ಕೇಳ್ಸುತ್ತೆ?” ಮೂವತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸಿದ ನನಗೆ ಇಂಥ ಲೌಕಿಕ ಪರಿಹಾರಗಳು ರುಚಿಸುವುದಿಲ್ಲ. ಪರ್ವತದಲ್ಲಿ ಹೊಗೆ ಕಂಡರೆ ಬೆಂಕಿ ಇರಲೇಬೇಕು. ಎಡಬಾಗಿಲಿನಲ್ಲಿ ಸಿಳ್ಳು ಕೇಳಿದರೆ ಎಡಬಾಗಿಲನ್ನು ಬಡಿಯುವವನೊಬ್ಬ ಇರಲೇಬೇಕು. ಶಾಸ್ತ್ರದಲ್ಲಿ ಇದಕ್ಕೆ ಅನುಮಾನಪ್ರಮಾಣವೆಂದು ಹೆಸರು. ಸ್ನೇಹದಲ್ಲಿ ಆ ಹೆಸರಿನ ಮೊದಲರ್ಧ ಮಾತ್ರ ಬಳಕೆಗೆ ಬರುತ್ತದೆಂದು ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಆ ಸೋಮವಾರ ಮಹದೇವಪ್ಪನ ಮನೆಗೆ ಬೀಗರು ಬಂದಿದ್ದರು: ಸೊಸೆಯ ತಂದೆತಾಯಿ, ಗುಂಡ್ಲುಪೇಟೆಯವರು, ಮದುವೆಯಾದ ಹೊಸತು. ಅವರನ್ನೂ ಹಿಂದೆ ಕೂರಿಸಿಕೊಂಡು ಹೊರಟೆವು. ಬಂಡಿಪಾಳ್ಯ ದಾಟಿ ರಸ್ತೆ ಅಗಲವಾಗುತ್ತಲೂ ಸಿಳ್ಳು ಎದ್ದಿತು. ಹಿಂದಿನಿಂದ ಬೀಗರು ವಿನಯದಿಂದ “ಏನೋ ಶಬ್ದ ಬರ್ತಾ ಇದ್ಯಲ್ಲ” ಎಂದರು. ನಂಜನಗೂಡಿನಲ್ಲಿ ಎಲ್ಲರೂ ಇಳಿದರು. ಮಹದೇವಪ್ಪ ಎಂದಿನಂತೆ ಬಾಗಿಲು ಬಡಿದ. ನನ್ನ ಬಾಯಿಂದ ಮಾತು ಹೊರಬಿತ್ತು.

“ಮೆಲ್ಲಗೆ ಹಾಕಯ್ಯ. ಇದು ನಿನ್ನ ಇಲಾಖೆ ಜೀಪಲ್ಲ, ನಾನು ಸ್ವಂತ ದುಡ್ಡಲ್ಲಿ ತಗೊಂಡಿದ್ದು. ಹಿಂಗೆ ಬಡಿದೂ ಬಡಿದೂ ತಾನೆ ಬಾಗಿಲು ಹಾಳಾಗಿರೋದು.”

ಬೀಗರು ಕೂಡಲೇ ಗೋಪುರದ ಶಿಲ್ಪಕಲೆಯಲ್ಲಿ ಆಸಕ್ತರಾದರು. ಮಹದೇವಪ್ಪ ಬಾಗಿಲಿನ ಮೇಲಿಟ್ಟಿದ್ದ ಕೈಯನ್ನು ಬಿಸಿ ಪಾತ್ರೆಯಿಂದ ತೆಗೆದಂತೆ ತೆಗೆದ. “ಆಗಲಿ ಸ್ವಾಮಿ” ಎಂದ. ಹೈಸ್ಕೂಲಿನಿಂದ ನನ್ನನ್ನು ‘ಲೋ’ ಎಂದೇ ಕರೆದವನು. ಹಿಂದಿರುಗುವಾಗ ಅವನು ಬೀಗರ ಜೊತೆ ಹಿಂದೆ ಕೂತ. ಇಡ್ಲಿಯ ವಿಚಾರ ಯಾರೂ ಎತ್ತಲಿಲ್ಲ.

ಮುಂದಿನ ಸೋಮವಾರ ಗೇಟಿನ ಬಳಿ ಯಾರೂ ನಿಂತಿರಲಿಲ್ಲ. ಫೋನು ಮಾಡಿದರೆ “ನಾನು ಅಶೋಕಪುರಂ ಸ್ಟೇಷನ್ನಲ್ಲಿದೀನಿ, ಟ್ರೈನಲ್ಲಿ ಹೋಗ್ತೀನಿ. ನಿಮಗೆ ಯಾಕೆ ತೊಂದ್ರೆ” ಎಂದ. ಆ ‘ನಿಮಗೆ’ ಎಂಬ ಮರ್ಯಾದೆಯನ್ನು ನನಗೆ ನನ್ನ ವಿದ್ಯಾರ್ಥಿಗಳು ಕೂಡ ಅಷ್ಟು ಅಚ್ಚುಕಟ್ಟಾಗಿ ಕೊಟ್ಟಿರಲಿಲ್ಲ. ಕೆಲವು ವಾರ ಒಬ್ಬನೇ ಹೋಗಿಬಂದೆ. ಪಕ್ಕದಲ್ಲಿ ಮಾತಾಡುವವನಿಲ್ಲದ ಕಾರಿನಲ್ಲಿ ಸಿಳ್ಳು ಮನೆಯ ಯಜಮಾನನಂತೆ ಮೆರೆಯಿತು. ಪಾರ್ಕಿನಲ್ಲಿ ನಡೆಯುವ ಗೆಳೆಯರಿಗೆಲ್ಲ ನನ್ನ ಸಿದ್ಧಾಂತವನ್ನು ಸೋದಾಹರಣವಾಗಿ ವಿವರಿಸಿದೆ, ಅವರು ತಲೆದೂಗಿದರು. ಆದರೂ ತೀರ್ಪಿಗೊಂದು ಸಾಕ್ಷ್ಯ ಬೇಕೆನ್ನಿಸಿತು. ನಾನು ಉದಯಗಿರಿಯ ನಜೀರ್ ಸಾಹೇಬರ ಗ್ಯಾರೇಜಿಗೆ ಹೋದದ್ದು ದೋಷವನ್ನು ಪರಿಹರಿಸುವುದಕ್ಕಿಂತ ಹೆಚ್ಚಾಗಿ ದೋಷಿಯನ್ನು ಸಾಬೀತುಪಡಿಸಲಿಕ್ಕೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನಜೀರ್ ಸಾಹೇಬರು ನನಗಿಂತ ಹಿರಿಯರು. ಬಾಗಿಲನ್ನು ತೆಗೆದು ಹಾಕಿ, ಕೀಲಿಗೆ ಕಿವಿಗೊಟ್ಟು, ನಾನು ಕೇಳದಿದ್ದರೂ ಮೊದಲು ನನ್ನ ಸಾಕ್ಷ್ಯವನ್ನೇ ವಜಾ ಮಾಡಿದರು. “ಲಾಕು, ಕೀಲು ಎಲ್ಲಾ ಫಸ್ಟ್ ಕ್ಲಾಸಾಗಿದೆ ಸಾರ್. ಈ ಬಾಗಿಲನ್ನ ಅರಮನೆ ಆನೆ ಬಂದು ಬಡಿದ್ರೂ ಏನಾಗಲ್ಲ.”

ಆಮೇಲೆ ಎಡಬಾಗಿಲಿನ ಅಂಚುಗಳಿಗೆಲ್ಲ ಕಾಗದದ ಟೇಪು ಅಂಟಿಸಿ, ನನ್ನನ್ನು ಓಡಿಸಲು ಹೇಳಿ, ತಾವು ಬಲಬಾಗಿಲಿನಿಂದ ನುಸುಳಿ ಮಹದೇವಪ್ಪನ ಸೀಟಿನಲ್ಲಿ ಕೂತರು. ಓಡಿಸುವವನಿಗೆ ಸದ್ದಿನ ಊರು ಸಿಗುವುದಿಲ್ಲವಂತೆ. ಪಕ್ಕದಲ್ಲಿ ಕೂತು ಕೇಳುವವನೊಬ್ಬ ಬೇಕೇ ಬೇಕಂತೆ. ರಿಂಗ್ ರೋಡಿನಲ್ಲಿ ಎಪ್ಪತ್ತಕ್ಕೆ ಹೋದರೂ ಕಾರು ತುಟಿ ಬಿಚ್ಚಲಿಲ್ಲ. ಸಾಹೇಬರು ಅಲ್ಲಲ್ಲಿ ನಿಲ್ಲಿಸಿ ಟೇಪಿನ ಒಂದೊಂದೇ ತುಂಡನ್ನು ಕಿತ್ತು, ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಬಾಗಿಲ ಅಂಚಿನುದ್ದಕ್ಕೂ ಆಡಿಸುತ್ತ, ನಾಡಿ ಹಿಡಿದ ವೈದ್ಯರಂತೆ ಕಣ್ಣುಮುಚ್ಚಿದರು. ಕನ್ನಡಿಯ ಹಿಂದಿನ ಮೇಲಂಚಿನ ತುಂಡು ಕಿತ್ತಾಗ ಸಿಳ್ಳು ಹೊರಟಿತು. ಗ್ಯಾರೇಜಿಗೆ ಮರಳಿ, ಆ ಜಾಗದಲ್ಲಿ ಪೇಪರಿನ ಚೂರೊಂದನ್ನಿಟ್ಟು ಬಾಗಿಲು ಮುಚ್ಚಿ ಎಳೆದರು. ಬೇರೆಡೆ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ ಕಾಗದ ಅಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯಲ್ಲಿ, ಅವರ ಭಾಷೆಯಲ್ಲಿ ಬೀಡಿಂಗಿನಲ್ಲಿ, ಒಂದು ಸಣ್ಣ ಕಾಲುವೆ ಕೊರೆದಿತ್ತು. ಅದರೊಳಗಿನಿಂದ ಉಗುರಲ್ಲಿ ಹಸಿರು ನೈಲಾನ್ ಎಳೆಯೊಂದನ್ನು ತೆಗೆದು ನನ್ನ ಮುಂದೆ ಹಿಡಿದರು.

“ಇಲ್ಲಿ ಹಗ್ಗ ಕಟ್ತಿದ್ರಾ ಸಾರ್?”

“ಇಲ್ಲಪ್ಪ” ಎಂದೆ. ಅಪರಾಧಿಯ ಮೊದಲ ಉತ್ತರ ಎಲ್ಲ ಕಾಲದಲ್ಲೂ ಇದೇ.

“ಹಬ್ಬಕ್ಕೆ ಬಾಳೆಕಂದು ಕಟ್ಟಿರ್ತೀರ ಬುಡಿ. ದಸರಾ ಆದ್ಮೇಲೆ ಇಂಥವು ನಾಲ್ಕೈದು ಬಂದೇ ಬರ್ತವೆ. ಪಾಪ, ಪೂಜೆ ಮಾಡಿಸ್ಕೊಂಡೇ ಕೆಡ್ತವೆ.”

ನಾಸ್ತಿಕನೆಂದು ಹೇಳಿಕೊಂಡರೂ ಆಯುಧಪೂಜೆಯನ್ನು ನಾನು ಬಿಟ್ಟವನಲ್ಲ. ದೇವರ ಮೇಲೆ ನಂಬಿಕೆ ಇಲ್ಲದಿರಬಹುದು, ಕಾರಿನ ಮೇಲೆ ಇತ್ತು. ಎರಡು ಬಾಳೆಕಂದುಗಳನ್ನು ಎರಡು ಕನ್ನಡಿಗಳ ಬದಿಗೆ ನಿಲ್ಲಿಸುವುದರಲ್ಲಿ ನನ್ನದೇ ಒಂದು ತಂತ್ರವಿತ್ತು. ಬಲಗಡೆಯ ಬಾಗಿಲನ್ನು ನಾನು ತೆಗೆದು ಹಾಕಬೇಕಾದ್ದರಿಂದ ಅಲ್ಲಿ ಕನ್ನಡಿಗೇ ಗಂಟು. ಎಡಗಡೆ ಮಾತ್ರ, ಗಂಟಿನ ರಗಳೆಯೇ ಬೇಡವೆಂದು, ಹಗ್ಗದ ತುದಿಯನ್ನು ಬಾಗಿಲ ಮೇಲಂಚಿನಿಂದ ಒಳಗೆ ತೂರಿಸಿ, ಜಾರದಂತೆ ಬಾಗಿಲನ್ನು ಸೊಂಟದಿಂದ ಗುದ್ದಿ ಮುಚ್ಚುತ್ತಿದ್ದೆ. ಬಾಳೆಕಂದು ತಾನಾಗಿ ಒಣಗುವವರೆಗೆ ಬಿಚ್ಚಬಾರದೆಂದು ಹೆಂಡತಿಯ ಕಟ್ಟಪ್ಪಣೆ. ಹಾಗಾಗಿ ವರ್ಷವರ್ಷವೂ ಎಂಟು ಹತ್ತು ದಿನ, ಅದೇ ಜಾಗದಲ್ಲಿ, ಅದೇ ಹಗ್ಗ. ಮಹದೇವಪ್ಪ ಆ ದಿನಗಳಲ್ಲಿ ಆ ಬಾಗಿಲು ತೆಗೆಯದೆ ಹಿಂದೆ ಕೂರುತ್ತಿದ್ದ. “ನಿನ್ನ ಬಾಳೆತೋಟಕ್ಕೆ ನಮಸ್ಕಾರ ಕಣೋ” ಎಂದು ನಗುತ್ತಿದ್ದ.

ಹೊಸ ಬೀಡಿಂಗ್ ಹಾಕಿಸಿದೆ. ಸಿಳ್ಳು ಹೋಯಿತು.

ಅದೇ ಸಂಜೆ ಮಹದೇವಪ್ಪನ ಮನೆಗೆ ಹೋದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ: ತಪ್ಪು ನನ್ನದು, ಹಗ್ಗ ನನ್ನದು, ಗುದ್ದಿದ ಸೊಂಟವೂ ನನ್ನದು. ಸೊಸೆ ಕಾಫಿ ತಂದಿಟ್ಟು ಅಲ್ಲೇ ನಿಂತಳು. ಇವಳ ತಂದೆಯ ಎದುರಿಗಲ್ಲವೇ ನಾನು ಆ ಮಾತಾಡಿದ್ದು, ಇವಳ ಎದುರಿಗೇ ಹಿಂತೆಗೆದುಕೊಳ್ಳಲು ಇದಕ್ಕಿಂತ ಯೋಗ್ಯ ಮುಹೂರ್ತವಿಲ್ಲ ಎಂದುಕೊಂಡೆ. ಬಾಯಿ ತೆರೆದಾಗ ಬಂದದ್ದು ಬೇರೆ.

“ಕಾರು ಸರಿಹೋಯ್ತು ಕಣಯ್ಯ. ರಬ್ಬರಿಗೆ ವಯಸ್ಸಾಗಿತ್ತಂತೆ.”

“ಹೌದಾ” ಎಂದ. ಲೋಟ ಕೆಳಗಿಟ್ಟು, “ನಾನು ಬಡಿದೂ ಬಡಿದೂ ವಯಸ್ಸಾಯ್ತೇನೋ.”

“ಛೆ, ಹಾಗೇನಿಲ್ಲ” ಎಂದೆ. ‘ಹಾಗೇನಿಲ್ಲ’ ಎಂಬುದು ಕ್ಷಮಾಪಣೆಯಂತೆ ಕಾಣುವ, ಕ್ಷಮಾಪಣೆಯ ತೂಕವಿಲ್ಲದ ನಾಣ್ಯ. ನಮ್ಮ ಊರಿನ ಸಭ್ಯರಲ್ಲಿ ಧಾರಾಳವಾಗಿ ಚಲಾವಣೆಯಲ್ಲಿದೆ. “ಸೋಮವಾರ ಬಾರಯ್ಯ” ಎಂದೆ. “ಬರ್ತೀನಿ ಬುಡಿ, ನೀವು ಇಷ್ಟು ಹೇಳ್ತಿದ್ದೀರಲ್ಲ” ಎಂದ.

ಸೋಮವಾರ ಗೇಟಿನ ಬಳಿ ನಿಂತಿದ್ದ, ವಿಭೂತಿಯ ಸಮೇತ. ಎಡಬಾಗಿಲು ತೆಗೆದು ಕೂತು, ಬೆಲ್ಟು ಬಿಗಿದುಕೊಂಡು, ಬಾಗಿಲಿನ ಹಿಡಿಯನ್ನು ಎರಡೇ ಬೆರಳಲ್ಲಿ ಹಿಡಿದು, ಆಗಷ್ಟೇ ನಿದ್ದೆಹೋದ ಕೂಸನ್ನು ತೊಟ್ಟಿಲಿಗೆ ಇಳಿಸುವವನಂತೆ ಒಳಗೆ ಎಳೆದುಕೊಂಡ. ಕ್ಷೀಣವಾಗಿ ‘ಟಿಕ್’ ಎಂದಿತು. ಅರ್ಧ ಮಾತ್ರ ಕೂತಿತ್ತು. ನನ್ನ ಮುಂದೆ ಬಾಗಿಲು ತೆರೆದಿರುವ ಪುಟ್ಟ ಕಾರಿನ ಕೆಂಪು ಚಿತ್ರ ಬೆಳಗಿತು.

‘ಇನ್ನೊಂದ್ಸಲ ಹಾಕಯ್ಯ, ಜೋರಾಗಿ ಬಡಿ’ ಎನ್ನುವುದು ಎಷ್ಟರ ಮಾತು. ಆದರೆ ಅದನ್ನು ಹೇಳುವ ಮೊದಲು ಹೇಳಬೇಕಾದ ಇನ್ನೊಂದು ಮಾತಿತ್ತು. ಅದು ಬರದೆ ಇದು ಬರುವಂತಿರಲಿಲ್ಲ. ಬಂಡಿಪಾಳ್ಯದವರೆಗೆ ಮೂವತ್ತರಲ್ಲೇ ಓಡಿಸಿದೆ. ಆಚೆಗೆ ರಸ್ತೆ ಖಾಲಿ ಬಿದ್ದಿತ್ತು.

“ಯಾಕೆ ಇಷ್ಟು ನಿಧಾನ?” ಎಂದ ಮಹದೇವಪ್ಪ. “ಗಾಡಿ ಸರಿಹೋಯ್ತು ಅಂದ್ರಲ್ಲ.”

ವೇಗ ಹೆಚ್ಚಿಸಿದೆ. ಅರವತ್ತು ದಾಟುವ ಮೊದಲೇ ಎಡಗಡೆಯಿಂದ ಗಾಳಿ ಒಳನುಗ್ಗಿ ಭೋರೆಂದಿತು. ಈ ಸಲ ಸಿಳ್ಳಲ್ಲ. ಯಾವ ಸಂಕೋಚವೂ ಇಲ್ಲದ ಬಾಯ್ದೆರೆದ ಸದ್ದು. ಮಹದೇವಪ್ಪ ಬಾಗಿಲನ್ನು ನೋಡಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲೆ, ನನಗೆ ಚೆನ್ನಾಗಿ ಕಾಣುವಂತೆ ಮಡಿಸಿಟ್ಟುಕೊಂಡು ನೇರ ರಸ್ತೆಯನ್ನೇ ನೋಡುತ್ತಿದ್ದ.

“ಶಬ್ದ ಪೂರ್ತಿ ಹೋಯ್ತಲ್ಲ?” ಎಂದ.

“ಪೂರ್ತಿ ಹೋಯ್ತು” ಎಂದೆ. ಗಾಳಿಯ ಅಬ್ಬರದಲ್ಲಿ ಅವನಿಗೆ ಕೇಳಿಸಲಿಲ್ಲವೆಂದು ತೋರುತ್ತದೆ. ನನ್ನ ಕಡೆ ಕಿವಿ ವಾಲಿಸಿದ. ಅದನ್ನೇ ಇನ್ನೊಂದು ಸಲ, ಗಂಟಲೆತ್ತಿ ಹೇಳಬೇಕಾಯಿತು.