ಪಂದ್ಯಕ್ಕೆ ಸಲ್ಲದ ಹುಡುಗಿ

ಐ.ಟಿ. ಕಂಪನಿಗಳು ಸಿಕ್ಕಸಿಕ್ಕವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದ ಕಾಲ. ನನಗೂ ತೆಲುಗು ನಾಡಿನ ಗಚ್ಚಿಬೌಲಿಯಲ್ಲಿ ಕೆಲಸ ಸಿಕ್ಕಿತು. ಅದಕ್ಕಾಗಿ ಮಗಳು ಮೈಸೂರಿನ ಶಾಲೆಯನ್ನೂ ಅಲ್ಲಿನ ಖೊಖೊ ತಂಡವನ್ನೂ ಬಿಟ್ಟು ಬಂದಳು. ಬೇರೆ ರಾಜ್ಯದಿಂದ ಬಂದವರು ಮೊದಲ ವರ್ಷ ಪಂದ್ಯ ಆಡುವಂತಿಲ್ಲ ಎಂಬ ನಿಯಮ ಇಲ್ಲಿ ಬಂದ ಮೇಲೆ ತಿಳಿಯಿತು. ಅವಳು ಊಟ ಕಡಿಮೆ ಮಾಡಿದಳು, ಮಾತು ಪೂರ್ತಿ ನಿಲ್ಲಿಸಿದಳು. ಮನೋವೈದ್ಯರು ಆಟ ಬಿಡಿಸಬೇಡಿ ಅಂದರು.

ಅದನ್ನು ಹೇಳಲು ಅವಳ ಹೊಸ ಶಾಲೆಯ ಪಿ.ಟಿ. ಮೇಡಂ ಬಳಿ ಹೋದೆ. ಅವರು ಬಾಗಲಕೋಟೆಯವರು.

"ಕನ್ನಡದಾಗ ಹೇಳ್ರಿ ಸರ್, ತೆಲುಗಿಗೆ ಯಾಕ ತ್ರಾಸ ಕೊಡ್ತೀರಿ?"

ಹೇಳಿದೆ.

"ನಿಯಮ ನನ್ನ ಕೈಯಾಗ ಇಲ್ಲರಿ. ಆದ್ರ ಅದು ಮ್ಯಾಚಿಗೆ ಐತಿ, ಪ್ರಾಕ್ಟೀಸಿಗಿಲ್ಲ. ನಮ್ಮ ಹುಡುಗ್ಯಾರಿಗೆ ಭಾಳ ಸೊಕ್ಕು. ದಿನಾ ಸಂಜಿಗೆ ಅವರನ್ನ ಓಡಿಸಿ ದಣಿಸಾಕ ಒಬ್ಬಾಕಿ ಬೇಕು. ಕಳಸ್ರಿ."

"ಪಂದ್ಯವೇ ಇಲ್ಲದೆ ಬರೀ ಓಡಿ ಏನು ಬಂತು?"

"ನೀವು ಓಡೋದಿಲ್ಲಲ್ರಿ, ಆಕಿ ಓಡ್ತಾಳ."

ಮೊದಲ ಸಂಜೆಯೇ ಮಗಳು ಮಂಡಿ ತರಚಿಕೊಂಡು ಬಂದಳು. ಊಟಕ್ಕೆ ಕೂತು, "ಅಪ್ಪಾ, ಅವರಿಗೆ ಕಂಬದ ಹತ್ತಿರ ತಿರುಗೋಕೇ ಬರಲ್ಲ. ಎಲ್ಲರನ್ನೂ ಸುಸ್ತು ಮಾಡಿಬಿಟ್ಟೆ" ಅಂದಳು. ಇನ್ನೊಂದು ಚಪಾತಿ ಕೇಳಿ, ಅವರನ್ನು ಆಡಿಕೊಳ್ಳುತ್ತಲೇ ತಿಂದಳು.

ಅವಳ ಮನಸ್ಸು ಸುಧಾರಿಸಿತು. ಆ ತಂಡದ ಹುಡುಗಿಯರ ಮಾನಸಿಕ ಆರೋಗ್ಯವನ್ನು ಯಾರಾದರೂ ವಿಚಾರಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ.